ಪಾಲ್ ರೋಬ್ಸನ್ ಸಿನಿಮಾ ಬಿಟ್ಟಿದ್ದು ಯಾಕೆ?

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿ ಖುಷಿಯಾಯಿತು. ಅಮೆರಿಕದ ನಟ, ಗಾಯಕ ಪಾಲ್ ರೋಬ್ಸನ್ ಬಗ್ಗೆ ಮೂರು ಪ್ರಶ್ನೆ ಕೇಳಿದ್ದೀರಿ. ಅಂಥ ಕಂಠ, ಅಂಥ ಆಳ್ತನ ಇದ್ದವರು ಹತ್ತು ಹನ್ನೆರಡು ಸಿನಿಮಾ ಮಾಡಿ ಯಾಕೆ ನಿಲ್ಲಿಸಿದರು? ರಾಜಕೀಯಕ್ಕೆ ತಲೆ ಹಾಕಿ ಸಿನಿಮಾ ಕಳೆದುಕೊಂಡರು ಎಂದು ಎಲ್ಲೋ ಓದಿದ್ದೀರಿ, ಅದು ನಿಜವೇ? ಈಗ ಅವರನ್ನು ನೋಡಬೇಕೆಂದರೆ ಎಲ್ಲಿಂದ ಶುರು ಮಾಡಬೇಕು? ನನಗೆ ತುಂಬ ಇಷ್ಟವಾದ ಕಲಾವಿದರು ಅವರು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಎರಡನೇ ಪ್ರಶ್ನೆ. ಅದಕ್ಕೆ ಇಸವಿಗಳೇ ಉತ್ತರ ಹೇಳುತ್ತವೆ. ರೋಬ್ಸನ್ ಪಾತ್ರ ಮಾಡಿದ ಕೊನೆಯ ಕಥಾಚಿತ್ರ ತೆರೆಗೆ ಬಂದಿದ್ದು 1942ರಲ್ಲಿ. ಅಮೆರಿಕ ಸರ್ಕಾರ ಅವರ ಪಾಸ್‌ಪೋರ್ಟ್ ರದ್ದು ಮಾಡಿದ್ದು 1950ರಲ್ಲಿ. ನಡುವೆ ಎಂಟು ವರ್ಷ. ಆ ಎಂಟು ವರ್ಷ ಅವರೇನೂ ಮೂಲೆ ಸೇರಿರಲಿಲ್ಲ. 1943ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಅವರ ಒಥೆಲೊ ಶುರುವಾಯಿತು. 296 ಪ್ರದರ್ಶನ ಕಂಡಿತು. ಷೇಕ್ಸ್‌ಪಿಯರ್ ನಾಟಕವೊಂದು ಅಲ್ಲಿ ಅಷ್ಟು ದಿನ ಓಡಿದ್ದು ಅದೇ ಮೊದಲು. ಅವರ ಸಂಗೀತ ಕಛೇರಿಗಳಿಗೂ ಜನ ಕಿಕ್ಕಿರಿದು ಬರುತ್ತಿದ್ದರು. ಅಂದರೆ ಸಿನಿಮಾವನ್ನು ಅವರಿಂದ ಯಾರೂ ಕಿತ್ತುಕೊಳ್ಳಲಿಲ್ಲ, ಅವರೇ ಬಿಟ್ಟರು. ಆಮೇಲೆ ಕಿತ್ತುಕೊಂಡಿದ್ದು ಹಾಡುವ ವೇದಿಕೆಯನ್ನು. ಈ ಎರಡನ್ನೂ ಕಲಸಿಬಿಟ್ಟರೆ ಅವರ ಬದುಕು ಅರ್ಥವಾಗುವುದಿಲ್ಲ.

ಅವರು ಹುಟ್ಟಿದ್ದು 1898ರಲ್ಲಿ, ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ. ತಂದೆ ಗುಲಾಮರಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, ಓದಿ ಪಾದ್ರಿಯಾದವರು. ಮಗ ರಟ್ಗರ್ಸ್ ಕಾಲೇಜಿನಲ್ಲಿ ಓದಿನಲ್ಲೂ ಫುಟ್‌ಬಾಲ್‌ನಲ್ಲೂ ಮುಂದು. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ. ಕೆಲಸಕ್ಕೆ ಸೇರಿದ ವಕೀಲರ ಆಫೀಸಿನಲ್ಲಿ ಸ್ಟೆನೋಗ್ರಾಫರ್ ಒಬ್ಬರು, ಕರಿಯ ಹೇಳಿದ್ದನ್ನು ನಾನು ಬರೆದುಕೊಳ್ಳುವುದಿಲ್ಲ ಎಂದರು. ರೋಬ್ಸನ್ ವಕೀಲಿಯನ್ನೇ ಬಿಟ್ಟು ನಾಟಕಕ್ಕೆ ಬಂದರು. 1925ರಲ್ಲಿ ಪಿಯಾನೊಗೆ ಲಾರೆನ್ಸ್ ಬ್ರೌನ್ ಅವರನ್ನು ಕೂರಿಸಿಕೊಂಡು ನ್ಯೂಯಾರ್ಕಿನಲ್ಲಿ ಒಂದು ಕಛೇರಿ ಮಾಡಿದರು. ಇಡೀ ಕಾರ್ಯಕ್ರಮ ಕಪ್ಪು ಜನರ ಭಜನೆ ಮತ್ತು ಜಾನಪದ ಹಾಡುಗಳದ್ದೇ. ಹೊಲದಲ್ಲಿ, ಚರ್ಚಿನಲ್ಲಿ ಜನ ಹಾಡಿಕೊಂಡಿದ್ದ ಹಾಡುಗಳಿಗೆ ಅವರು ದೊಡ್ಡ ವೇದಿಕೆಯ ಗೌರವ ಕೊಟ್ಟರು. ನನ್ನ ಲೆಕ್ಕದಲ್ಲಿ ಅವರ ಅಸಲಿ ವೃತ್ತಿ ಶುರುವಾಗಿದ್ದು ಅಲ್ಲಿಂದ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. 1935ರ 'ಸ್ಯಾಂಡರ್ಸ್ ಆಫ್ ದ ರಿವರ್' ಎಂಬ ಬ್ರಿಟಿಷ್ ಚಿತ್ರದಲ್ಲಿ ರೋಬ್ಸನ್ ನೈಜೀರಿಯಾದ ಒಬ್ಬ ಬುಡಕಟ್ಟು ನಾಯಕ. ಪಾತ್ರವನ್ನು ಆಸೆಪಟ್ಟು ಒಪ್ಪಿಕೊಂಡಿದ್ದರು. ನಿರ್ದೇಶಕ ಜೋಲ್ಟಾನ್ ಕೋರ್ಡಾ ಆಫ್ರಿಕಾಕ್ಕೆ ಹೋಗಿ ನಿಜವಾದ ಕುಣಿತ, ಹಾಡು ಚಿತ್ರೀಕರಿಸಿಕೊಂಡು ಬಂದಿದ್ದರು. ರೋಬ್ಸನ್ ಆಗ ಲಂಡನ್ನಿನಲ್ಲಿ ಆಫ್ರಿಕಾದ ಭಾಷೆಗಳನ್ನು ಕಲಿಯುತ್ತಿದ್ದರು. ತನ್ನ ಪೂರ್ವಿಕರ ನೆಲದ ಸಂಸ್ಕೃತಿ ಕೊನೆಗೂ ತೆರೆ ಮೇಲೆ ಬರುತ್ತದೆ ಎಂದು ನಂಬಿದ್ದರು. ಸಿನಿಮಾ ತಯಾರಾಗಿ ಬಂದಾಗ ನೋಡಿದರೆ, ಅದು ಬ್ರಿಟಿಷ್ ಅಧಿಕಾರಿಯನ್ನು ಕೊಂಡಾಡುವ ಚಿತ್ರ. ಸ್ಯಾಂಡರ್ಸ್ ಎಂಬ ಬಿಳಿ ಸಾಹೇಬ ರಜೆ ಮೇಲೆ ಹೋದರೆ ಸಾಕು, ಆಫ್ರಿಕನ್ನರು ಕಿತ್ತಾಡಿಕೊಂಡು ಸಾಯುತ್ತಾರೆ. ಅವನು ವಾಪಸ್ ಬಂದರೆ ಶಾಂತಿ. ರೋಬ್ಸನ್ ಪಾತ್ರ ಅವನ ನಿಷ್ಠಾವಂತ ಬಂಟ. ಸಾಮ್ರಾಜ್ಯವನ್ನು ಹೊಗಳುವ ಭಾಗಗಳನ್ನು ಕೊನೆ ಗಳಿಗೆಯಲ್ಲಿ ಸೇರಿಸಿದರು ಎಂದು ರೋಬ್ಸನ್ ಆಮೇಲೆ ಹೇಳಿದರು. ಆ ಚಿತ್ರದಲ್ಲಿ ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡ ಜೋಮೊ ಕೆನ್ಯಾಟಾ ಮುಂದೆ ಕೀನ್ಯಾ ದೇಶದ ಮೊದಲ ಅಧ್ಯಕ್ಷರಾದರು!

ಈ ಪೆಟ್ಟು ಅವರಿಗೆ ಒಂದು ವಿಷಯ ಕಲಿಸಿತು. ಕ್ಯಾಮೆರಾ ಮುಂದೆ ನೀವು ಎಷ್ಟೇ ಚೆನ್ನಾಗಿ ಮಾಡಿ, ಎಡಿಟಿಂಗ್ ಟೇಬಲ್ ಬೇರೆಯವರ ಕೈಯಲ್ಲಿರುತ್ತದೆ. ಮುಂದಿನ, 1936ರ 'ಸಾಂಗ್ ಆಫ್ ಫ್ರೀಡಂ' ಚಿತ್ರಕ್ಕೆ ಸಹಿ ಹಾಕುವಾಗ, ಅಂತಿಮ ಪ್ರತಿಗೆ ತನ್ನ ಒಪ್ಪಿಗೆ ಬೇಕು ಎಂಬ ಷರತ್ತು ಹಾಕಿಸಿದರು. 1930ರ ದಶಕದಲ್ಲಿ ಒಬ್ಬ ಕಪ್ಪು ನಟ ಹೀಗೆ ಕೇಳುವುದು, ನಿರ್ಮಾಪಕರು ಒಪ್ಪುವುದು ಸಣ್ಣ ಮಾತಲ್ಲ.

ಅದೇ 1936ರಲ್ಲಿ 'ಷೋ ಬೋಟ್' ಬಂತು. ಅದರಲ್ಲಿ ಅವರು ಹಡಗುಕಟ್ಟೆಯ ಕೂಲಿ ಜೋ. ಮಿಸಿಸಿಪ್ಪಿ ನದಿಯನ್ನು ಕುರಿತ 'ಓಲ್ ಮ್ಯಾನ್ ರಿವರ್' ಹಾಡು ಈ ಚಿತ್ರದಲ್ಲಿದೆ. ಜೆರೋಮ್ ಕರ್ನ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನ್ ಅದನ್ನು ಬರೆದಾಗಲೇ ರೋಬ್ಸನ್ ಕಂಠ ಅವರ ಮನಸ್ಸಿನಲ್ಲಿತ್ತು. ಜೋ ಕಟ್ಟೆಯ ಮೇಲೆ ಕೂತು ಚಾಕುವಿನಿಂದ ಮರದ ಚೂರು ಹೆರೆಯುತ್ತಿರುತ್ತಾನೆ. ಹಾಡು ಶುರುವಾದಾಗ ಕ್ಯಾಮೆರಾ ಅವನನ್ನು ನಿಧಾನಕ್ಕೆ ಸುತ್ತು ಹಾಕಿ ಮುಖದ ಹತ್ತಿರ ಬರುತ್ತದೆ. ಆ ಮುಖವನ್ನು ಗಮನಿಸಿ. ಅಷ್ಟು ಕೆಳಗಿನ ಸ್ವರಕ್ಕೆ ಇಳಿಯುವಾಗಲೂ ಗಂಟಲಿನಲ್ಲಿ ಒಂದಿಷ್ಟೂ ತ್ರಾಸವಿಲ್ಲ. ಸುಮ್ನೆ ಮಾತಾಡಿದ ಹಾಗೆ ಹಾಡುತ್ತಾರೆ. ಆದರೆ ಹಾಡು ಮುಗಿದ ಮೇಲೆ ಕಥೆಯಲ್ಲಿ ಜೋ ಅಂದರೆ ಹೆಂಡತಿಯಿಂದ ಬೈಸಿಕೊಳ್ಳುವ ಸೋಮಾರಿ ಅಷ್ಟೇ.

ಮುಂದೆ ಕಛೇರಿಗಳಲ್ಲಿ ರೋಬ್ಸನ್ ಈ ಹಾಡಿನ ಸಾಲುಗಳನ್ನೇ ಬದಲಾಯಿಸಿದರು. ಬದುಕಿ ಸಾಕಾಗಿದೆ, ಆದರೆ ಸಾಯಲು ಭಯ ಎಂಬ ಅರ್ಥದ ಸಾಲು ಮೂಲದಲ್ಲಿದೆ. ಅದನ್ನು ತೆಗೆದು, ಸಾಯುವವರೆಗೂ ಹೋರಾಡುತ್ತಲೇ ಇರಬೇಕು ಎಂದು ಹಾಡತೊಡಗಿದರು. ಸಿನಿಮಾದಲ್ಲಿ ಇದು ಸಾಧ್ಯವಿರಲಿಲ್ಲ. ವೇದಿಕೆಯಲ್ಲಿ ಸಾಧ್ಯವಿತ್ತು. ಅವರು ಎರಡರಲ್ಲಿ ಯಾವುದನ್ನು ಆರಿಸಿಕೊಂಡರು, ಯಾಕೆ ಎಂಬುದು ನನಗೆ ಈ ಒಂದು ಸಾಲಿನಲ್ಲೇ ಕಾಣುತ್ತದೆ.

ಅವರಿಗೆ ತೃಪ್ತಿ ಕೊಟ್ಟ ಚಿತ್ರವೂ ಇದೆ. ಲಂಡನ್ನಿನಲ್ಲಿದ್ದಾಗ ವೇಲ್ಸ್‌ನ ಗಣಿ ಕಾರ್ಮಿಕರು ಕೆಲಸ ಕಳೆದುಕೊಂಡು ಹಾಡುತ್ತಾ ಬೀದಿಯಲ್ಲಿ ಬರುತ್ತಿದ್ದುದನ್ನು ಕಂಡು ರೋಬ್ಸನ್ ಅವರ ಜೊತೆ ಸೇರಿಕೊಂಡಿದ್ದರು. ಆ ಸ್ನೇಹ ಜೀವನಪೂರ್ತಿ ಉಳಿಯಿತು. 1940ರ 'ದ ಪ್ರೌಡ್ ವ್ಯಾಲಿ' ಅದೇ ವೇಲ್ಸ್ ಗಣಿಗಳ ಕಥೆ. ಕೆಲಸ ಹುಡುಕಿಕೊಂಡು ಬಂದ ಕಪ್ಪು ಮನುಷ್ಯ ಡೇವಿಡ್ ಬೀದಿಯಲ್ಲಿ ನಿಂತಿದ್ದಾನೆ. ಮೇಲೆ ಮಹಡಿಯಲ್ಲಿ ಗಣಿ ಕಾರ್ಮಿಕರ ಮೇಳ ಹಾಡಿನ ಅಭ್ಯಾಸ ಮಾಡುತ್ತಿದೆ. ಇವನು ಕೆಳಗಿನಿಂದಲೇ ದನಿಗೂಡಿಸುತ್ತಾನೆ. ಮೇಳದ ಮುಖ್ಯಸ್ಥ ಈ ಕಂಠ ಯಾರದ್ದು ಎಂದು ಕಿಟಕಿಗೆ ಬರುತ್ತಾನೆ. ಮುಂದೆ ಗಣಿಯಲ್ಲಿ ಬಣ್ಣದ ತಕರಾರು ಎದ್ದಾಗ, ಕೆಳಗಿಳಿದ ಮೇಲೆ ನಾವೆಲ್ಲ ಕಪ್ಪೇ ಅಲ್ವಾ ಎನ್ನುವ ಮಾತು ಬರುತ್ತದೆ. ಕಡೆಗೆ ಡೇವಿಡ್‌ನನ್ನು ಸಾಯಿಸುತ್ತಾರೆ. ಅದು ನನಗೆ ಇಷ್ಟವಿಲ್ಲ. ಆದರೂ ಡೇವಿಡ್ ಆಗಿ ರೋಬ್ಸನ್ ಇದರಲ್ಲಿ ಯಾರ ಬಂಟನೂ ಅಲ್ಲ. ದುಡಿಯುವ ಮನುಷ್ಯ.

ಆಮೇಲೆ ಬಂದಿದ್ದು 1942ರ ಆ ಕೊನೆಯ ಚಿತ್ರ, ಹಾಲಿವುಡ್ಡಿನ 'ಟೇಲ್ಸ್ ಆಫ್ ಮ್ಯಾನ್‌ಹಟನ್'. ವಿಮಾನದಿಂದ ಬಿದ್ದ ಒಂದು ಕೋಟಿನ ತುಂಬ ಹಣ. ಅದು ಸಿಗುವುದು ಬಡ ಕಪ್ಪು ಗೇಣಿದಾರರಿಗೆ. ಅವರ ಬಡತನವನ್ನು ತೋರಿಸಬಹುದು ಎಂದು ರೋಬ್ಸನ್ ಒಪ್ಪಿದ್ದರು. ತೆರೆಗೆ ಬಂದಾಗ ಅದೇ ಹಳೇ ಕಥೆ: ದೇವರ ಹೆಸರು ಹೇಳಿಕೊಂಡು ಕುಣಿಯುವ ಮುಗ್ಧ ಜನ. ಚಿತ್ರದ ವಿರುದ್ಧ ಯಾರಾದರೂ ಧರಣಿ ಕೂತರೆ ನಾನೂ ಬರುತ್ತೇನೆ ಎಂದು ಅವರೇ ಪತ್ರಕರ್ತರಿಗೆ ಹೇಳಿದರು. ಮತ್ತೆ ಹಾಲಿವುಡ್ ಕಡೆ ತಿರುಗಿ ನೋಡಲಿಲ್ಲ. ಆಗ ಅವರಿಗೆ 44 ವರ್ಷ.

ಇನ್ನು ವೇದಿಕೆ. 1949ರಲ್ಲಿ ನ್ಯೂಯಾರ್ಕ್ ರಾಜ್ಯದ ಪೀಕ್‌ಸ್ಕಿಲ್ ಹತ್ತಿರ ಅವರ ಕಛೇರಿ ಮುಗಿಸಿ ಹೊರಟವರ ಕಾರು, ಬಸ್ಸುಗಳ ಮೇಲೆ ಕಲ್ಲು ತೂರಾಟ ನಡೆಯಿತು. ಕಮ್ಯುನಿಸ್ಟ್ ಎಂಬ ಹಣೆಪಟ್ಟಿ ಬಿತ್ತು. ಸಭಾಂಗಣಗಳು ಬಾಗಿಲು ಮುಚ್ಚಿದವು. ಪಾಸ್‌ಪೋರ್ಟ್ ಹೋಯಿತು. 1952ರಲ್ಲಿ ಕೆನಡಾದ ಗಣಿ ಕಾರ್ಮಿಕರ ಸಂಘ ಕರೆದಾಗ ಗಡಿ ದಾಟಲು ಬಿಡಲಿಲ್ಲ. ಅವರು ಗಡಿಯಲ್ಲೇ ಲಾರಿಯೊಂದರ ಮೇಲೆ ನಿಂತು ಹಾಡಿದರು. ಸಾವಿರಾರು ಜನ ಆ ಕಡೆ, ಈ ಕಡೆ ನಿಂತು ಕೇಳಿದರು. 1957ರಲ್ಲಿ ಇನ್ನೊಂದು ದಾರಿ ಸಿಕ್ಕಿತು. ಅಟ್ಲಾಂಟಿಕ್ ಸಮುದ್ರದಡಿ ಹೊಸದಾಗಿ ಟೆಲಿಫೋನ್ ಕೇಬಲ್ ಹಾಕಿದ್ದರು. ರೋಬ್ಸನ್ ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಕೂತು ಹಾಡಿದರು. ವೇಲ್ಸ್‌ನ ಪೋರ್ತ್‌ಕಾಲ್ ಊರಿನಲ್ಲಿ ಗಣಿ ಕಾರ್ಮಿಕರ ಹಬ್ಬಕ್ಕೆ ಸೇರಿದ್ದ ಜನ ಸ್ಪೀಕರಿನಲ್ಲಿ ಕೇಳಿದರು. ಅಲ್ಲಿನ ಮೇಳ ಅದೇ ತಂತಿಯಲ್ಲಿ ತಿರುಗಿ ಹಾಡಿತು.

ಒಂದು ವಿಷಯ ಮಾತ್ರ ಮುಚ್ಚಿಡಲಾರೆ. ಸೋವಿಯತ್ ಒಕ್ಕೂಟವನ್ನು ರೋಬ್ಸನ್ ಕಡೆಯವರೆಗೂ ಸಮರ್ಥಿಸಿದರು. ಸ್ಟಾಲಿನ್ ಕಾಲದ ಕ್ರೌರ್ಯದ ಬಗ್ಗೆ ಬಹಿರಂಗವಾಗಿ ಬಾಯಿ ಬಿಡಲಿಲ್ಲ. ತನ್ನ ದೇಶದ ಅನ್ಯಾಯಕ್ಕೆ ಅಷ್ಟು ಗಟ್ಟಿಯಾಗಿ ದನಿ ಎತ್ತಿದವರು ಅಲ್ಲಿ ಮೌನವಾಗಿದ್ದುದು ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕಾಗಿ ಒಬ್ಬ ಗಾಯಕನ ಬಾಯಿ ಕಟ್ಟಿದ್ದನ್ನು ಒಪ್ಪಲು ಸಾಧ್ಯವೇ ಇಲ್ಲ.

1958ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದರಿಂದ ಪಾಸ್‌ಪೋರ್ಟ್ ವಾಪಸ್ ಬಂತು. ಅದೇ ವರ್ಷ ಅವರ 60ನೇ ಹುಟ್ಟುಹಬ್ಬವನ್ನು ಭಾರತದಲ್ಲೂ ಆಚರಿಸಿದರು, ನೆಹರೂ ಅದಕ್ಕೆ ಬೆಂಬಲವಾಗಿ ನಿಂತಿದ್ದರು. 1960ರಲ್ಲಿ ಸಿಡ್ನಿಗೆ ಹೋದಾಗ ಇನ್ನೂ ಕಟ್ಟುತ್ತಿದ್ದ ಒಪೆರಾ ಹೌಸ್ ಜಾಗಕ್ಕೆ ಹೋಗಿ ಗಾರೆ ಕೆಲಸದವರ ಎದುರು ಹಾಡಿದರು. ಆಮೇಲೆ ಆರೋಗ್ಯ ಕೆಟ್ಟಿತು. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು.

ಅಸ್ಸಾಮಿನ ಗಾಯಕ ಭೂಪೇನ್ ಹಜಾರಿಕಾ ಅವರ 'ಗಂಗಾ ಬೆಹತೀ ಹೋ ಕ್ಯೂಂ' ನೀವು ಕೇಳಿರಬಹುದು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಹಜಾರಿಕಾ ರೋಬ್ಸನ್ ಅವರನ್ನು ಭೇಟಿಯಾಗಿದ್ದರು. ಆ ಹಾಡಿನ ಅಸ್ಸಾಮಿ ಮೂಲ ಹುಟ್ಟಿದ್ದು ಮಿಸಿಸಿಪ್ಪಿಯ ಹಾಡಿನ ಪ್ರೇರಣೆಯಿಂದ.

ಕೊನೆಯದಾಗಿ, ಎಲ್ಲಿಂದ ಶುರು ಮಾಡಬೇಕು? 'ದ ಪ್ರೌಡ್ ವ್ಯಾಲಿ' ಮೊದಲು ನೋಡಿ. ಆಮೇಲೆ 'ಷೋ ಬೋಟ್'ನ ನದಿ ಹಾಡು. ಅದಾದ ಮೇಲೆ 1958ರ ಕಾರ್ನೆಗಿ ಹಾಲ್ ಕಛೇರಿಯ ಧ್ವನಿಮುದ್ರಿಕೆ ಹುಡುಕಿ ಕೇಳಿ. 'ಸ್ಯಾಂಡರ್ಸ್' ಸದ್ಯಕ್ಕೆ ಬೇಡ. ಇಷ್ಟು ಮುಗಿಸಿ ಮತ್ತೆ ಪತ್ರ ಬರೆಯಿರಿ, ಒಥೆಲೊ ಬಗ್ಗೆ ಮಾತಾಡೋಣ.

ನಿಮ್ಮ
ಸಂಪಾದಕ