ಡಲ್ಲಾಸ್‌ಗೆ ಹೊಸದಾಗಿ ಬಂದ ತಮ್ಮನಿಗೆ: ಮೊದಲು ದಾರ ನೋಡು, ಆಮೇಲೆ ರೀಲು

ತಮ್ಮಾ,

ನಿನ್ನ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಡಲ್ಲಾಸ್‌ಗೆ ಬಂದು ನಾಲ್ಕು ತಿಂಗಳಾಯಿತು, ಶನಿವಾರ ಭಾನುವಾರ ಮನೆ ಬಿಕೋ ಅನ್ನುತ್ತದೆ ಅಂತ ಬರೆದಿದ್ದೀಯ. ಆಫೀಸಿನವರು ಬಾಸ್ ಮೀನು ಹಿಡಿಯಲು ಕರೆಯುತ್ತಿದ್ದಾರೆ, ಆದರೆ ಅಂಗಡಿಗೆ ಹೋದರೆ ಗೋಡೆ ತುಂಬಾ ರಾಡು (ಗಾಳದ ಕೋಲು), ರೀಲು (ದಾರ ಸುತ್ತುವ ರಾಟೆ), ದಾರ, ಯಾವುದು ತಗೊಳ್ಳಲಿ ಅಣ್ಣಾ ಅಂತ ಕೇಳಿದ್ದೀಯ. ಸಾಗರದ ಕಡೆಯವನು, ಲಿಂಗನಮಕ್ಕಿ ಹಿನ್ನೀರಿನಲ್ಲಿ ಬಿದಿರು ಕೋಲಿಗೆ ಗಾಳ ಕಟ್ಟಿ ಬೆಳೆದವನು ಅಂತಲೂ ಹೇಳಿದ್ದೀಯ. ಹಾಗಾದರೆ ಅರ್ಧ ವಿದ್ಯೆ ನಿನ್ನ ಕೈಯಲ್ಲೇ ಇದೆ.

ಏನನ್ನೂ ಕೊಳ್ಳುವ ಮುಂಚೆ ಲೈಸೆನ್ಸ್ ವಿಷಯ. ಟೆಕ್ಸಾಸಿನಲ್ಲಿ 17 ವರ್ಷ ತುಂಬಿದವರು ಲೈಸೆನ್ಸ್ ಇಲ್ಲದೆ ಗಾಳ ಹಾಕುವ ಹಾಗಿಲ್ಲ. ಇಲ್ಲಿ ಬಿಡದೆ ಆರು ತಿಂಗಳು ಇದ್ದ ಮೇಲೆ ಮಾತ್ರ ಈ ರಾಜ್ಯದವನು ಅಂತ ಲೆಕ್ಕ. ಅಲ್ಲಿಯವರೆಗೆ ಹೊರಗಿನವರ ದರ, ಅದು ಹತ್ತಿರ ಹತ್ತಿರ ಎರಡು ಪಟ್ಟು. ನಿನಗೆ ಇನ್ನೂ ಎರಡು ತಿಂಗಳು ಬಾಕಿ ಇದೆ. ಅದಕ್ಕೆ ಒಂದು ದಾರಿ ಇದೆ. ಸ್ಟೇಟ್ ಪಾರ್ಕ್ ಒಳಗೆ ದಡದಿಂದ ಮೀನು ಹಿಡಿಯಲು ಲೈಸೆನ್ಸ್ ಬೇಕಿಲ್ಲ, ಪಾರ್ಕಿನ ಪ್ರವೇಶದ ದುಡ್ಡು ಕೊಟ್ಟರೆ ಸಾಕು. ಡಲ್ಲಾಸಿಗೆ ಹತ್ತಿರ ಜೋ ಪೂಲ್ ಕೆರೆಯ ದಡದಲ್ಲಿ ಸೀಡರ್ ಹಿಲ್ ಪಾರ್ಕ್ ಇದೆ. ಕೆಲವು ಪಾರ್ಕುಗಳಲ್ಲಿ ರಾಡು, ರೀಲನ್ನೂ ಪುಕ್ಕಟೆ ಎರವಲು ಕೊಡುತ್ತಾರೆ. ಹೊಸದಾಗಿ ಬಂದಾಗ ಒಂದೊಂದು ಡಾಲರನ್ನೂ ಎಣಿಸುತ್ತೇವೆ, ಅಲ್ವಾ? ಮೊದಲು ಎರಡು ಸಲ ಹೀಗೇ ಹೋಗಿ ನೋಡು.

ಈಗ ದಾರ. ಅಂಗಡಿಯಲ್ಲಿ ಎಲ್ಲರೂ ರೀಲಿನ ಮುಂದೆ ಅರ್ಧ ಗಂಟೆ ನಿಲ್ಲುತ್ತಾರೆ, ದಾರವನ್ನು ಕೊನೆಗೆ ಸುಮ್ನೆ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಆದರೆ ಮೀನನ್ನು ಹಿಡಿದಿಡುವುದು ದಾರ. ಹದಿನೆಂಟು ವರ್ಷದಲ್ಲಿ ನಾನು ಕಳೆದುಕೊಂಡ ಒಳ್ಳೆಯ ಮೀನುಗಳಲ್ಲಿ ರೀಲು ಕೈಕೊಟ್ಟು ಹೋದದ್ದು ಒಂದೂ ನೆನಪಿಲ್ಲ. ದಾರ ಹರಿದು, ಗಂಟು ಜಾರಿ ಹೋದವೇ ಎಲ್ಲಾ.

ಇಲ್ಲಿಯ ಕೆರೆಗಳನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಲೇಕ್ ಫೋರ್ಕ್ ಹೆಸರು ನಿನ್ನ ಆಫೀಸಿನವರು ಹೇಳಿರುತ್ತಾರೆ, ಡಲ್ಲಾಸಿನಿಂದ ಪೂರ್ವಕ್ಕೆ ಒಂದೂವರೆ ಗಂಟೆ ದಾರಿ. 1992ರ ಜನವರಿಯಲ್ಲಿ 18.18 ಪೌಂಡಿನ, ಅಂದರೆ ಎಂಟು ಕಿಲೋಗೂ ಜಾಸ್ತಿ ತೂಕದ ಬಾಸ್ ಸಿಕ್ಕಿದ್ದು ಅಲ್ಲೇ. ಟೆಕ್ಸಾಸಿನ ದಾಖಲೆ ಇವತ್ತಿಗೂ ಅದೇ. ಅಣೆಕಟ್ಟು ಕಟ್ಟಿದಾಗ ಅಲ್ಲಿ ಎಷ್ಟೋ ಮರಗಳನ್ನು ಕಡಿಯದೆ ಹಾಗೇ ಬಿಟ್ಟು ನೀರು ನಿಲ್ಲಿಸಿದರು. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಏಳುವ ಒಣಮರದ ಬೊಡ್ಡೆಗಳು ನೆನಪಿದೆಯಲ್ಲ? ಅದೇ ನೋಟ. ಬಾಸ್ ಆ ಬೊಡ್ಡೆಗಳ ಮರೆಯಲ್ಲಿ ಕಾದು ಕೂತಿರುತ್ತದೆ. ಗಾಳ ಕಚ್ಚಿದ ಕೂಡಲೇ ಅದರೊಳಗೇ ನುಗ್ಗುತ್ತದೆ. ದಾರ ಮರಕ್ಕೆ ಉಜ್ಜುತ್ತದೆ.

ಅಂಗಡಿಯಲ್ಲಿ ದಾರ ಮೂರು ಬಗೆ: ಮೊನೊ, ಫ್ಲೋರೋಕಾರ್ಬನ್, ಬ್ರೇಡ್. ಮೊನೊ ಅನ್ನೋದು ಊರಲ್ಲಿ ನಾವು ಕಟ್ಟುತ್ತಿದ್ದ ನೈಲಾನ್ ದಾರವೇ. ಅಗ್ಗ, ಮೆತ್ತಗೆ, ಗಂಟು ಚೆನ್ನಾಗಿ ಕೂರುತ್ತದೆ. ಸ್ವಲ್ಪ ಹಿಗ್ಗುತ್ತದೆ. ಹೊಸಬರಿಗೆ ಈ ಹಿಗ್ಗುವಿಕೆ ಒಳ್ಳೆಯದೇ, ಜೋರಾಗಿ ಎಳೆದರೂ ಮೀನಿನ ಬಾಯಿ ಹರಿಯುವುದಿಲ್ಲ. ಫ್ಲೋರೋಕಾರ್ಬನ್ ನೀರಿನಲ್ಲಿ ಕಾಣುವುದು ಕಡಿಮೆ, ಬೇಗ ಮುಳುಗುತ್ತದೆ, ಉಜ್ಜಾಟವನ್ನೂ ತಡೆಯುತ್ತದೆ. ಆದರೆ ಬೆಲೆ ಜಾಸ್ತಿ, ಬಿರುಸು, ರೀಲಿನಿಂದ ಸ್ಪ್ರಿಂಗ್ ತರ ಎದ್ದು ಬರುತ್ತದೆ. ಬ್ರೇಡ್ ಅಂದರೆ ಹೆಣೆದ ದಾರ. 20 ಪೌಂಡ್ ತಡೆಯುವ ಬ್ರೇಡ್ ದಪ್ಪದಲ್ಲಿ 6 ಪೌಂಡಿನ ಮೊನೊದಷ್ಟೇ ಇರುತ್ತದೆ. ಹಿಗ್ಗುವುದೇ ಇಲ್ಲ, ಹಾಗಾಗಿ ಮೀನು ಮುಟ್ಟಿದರೂ ಕೈಗೆ ಗೊತ್ತಾಗುತ್ತದೆ. ತೊಂದರೆ ಅಂದರೆ ತಿಳಿನೀರಿನಲ್ಲಿ ಕಣ್ಣಿಗೆ ಹೊಡೆಯುತ್ತದೆ.

ನೀನು 10 ಪೌಂಡಿನ ಮೊನೊದಿಂದ ಶುರು ಮಾಡು. ಎರಡು ಮೂರು ತಿಂಗಳು ಕೈ ಪಳಗಿದ ಮೇಲೆ 20 ಪೌಂಡಿನ ಬ್ರೇಡ್ ಸುತ್ತಿಸಿಕೊಂಡು, ತುದಿಗೆ ಒಂದು ಮಾರು ಉದ್ದ ಫ್ಲೋರೋಕಾರ್ಬನ್ ಸೇರಿಸು. ನಾನು ಈಗ ಬಳಸುವುದು ಅದನ್ನೇ. ಬ್ರೇಡ್ ಸುತ್ತುವಾಗ ಅಡಿಯಲ್ಲಿ ಕೆಲವು ಸುತ್ತು ಮೊನೊ ಇರಲಿ. ಇಲ್ಲದಿದ್ದರೆ ಇಡೀ ದಾರ ಸ್ಪೂಲಿನ (ರೀಲಿನಲ್ಲಿ ದಾರ ಸುತ್ತುವ ಉರುಳೆಯ) ಮೇಲೆ ಜಾರಿ ತಿರುಗುತ್ತದೆ.

ಗಂಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಇಲ್ಲಿಗೆ ಬಂದ ಮೂರನೇ ವರ್ಷ, ಏಪ್ರಿಲ್ ತಿಂಗಳು. ದೊಡ್ಡ ಬಾಸ್ ಒಂದು ದಡದವರೆಗೂ ಬಂತು, ನೀರಿನಿಂದ ಎದ್ದು ತಲೆ ಕೊಡವಿತು, ದಾರ ಸಡಿಲವಾಯಿತು. ದಾರವೇ ಸರಿ ಇಲ್ಲ ಅಂದುಕೊಂಡೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ತುದಿ ತೋರಿಸು ಅಂದರು. ತುದಿ ಹೀರೆ ಬಳ್ಳಿಯ ಕುಡಿಯ ಹಾಗೆ ಸುರುಳಿ ಸುತ್ತಿಕೊಂಡಿತ್ತು. ದಾರ ಹರಿದಿಲ್ಲ, ಗಂಟು ಜಾರಿದೆ ಅಂದರು. ಅಲ್ಲೇ ಕೂರಿಸಿಕೊಂಡು ಪಾಲೊಮಾರ್ ಗಂಟು ಹತ್ತು ಸಲ ಹಾಕಿಸಿದರು. ದಾರವನ್ನು ಮಡಚಿ ಜೋಡಿಯಾಗಿ ಗಾಳದ ಕಣ್ಣಿನಲ್ಲಿ ತೂರಿಸು, ಸಡಿಲವಾಗಿ ಒಂದು ಗಂಟು ಹಾಕು, ಗಾಳವನ್ನು ಆ ಕುಣಿಕೆಯೊಳಗಿನಿಂದ ದಾಟಿಸು, ಎಂಜಲು ಹಚ್ಚಿ ನಿಧಾನವಾಗಿ ಬಿಗಿ. ಒಣಗಿದ ದಾರವನ್ನು ಜಗ್ಗಿ ಬಿಗಿದರೆ ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತದೆ. ಆ ಹಿರಿಯರು ನನ್ನ ವೀಸಾ ಏನು, ಕೆಲಸ ಏನು ಅಂತ ಕೇಳಲಿಲ್ಲ. ಗಂಟು ಸರಿಯಾಯಿತಾ ಅಂತ ಮಾತ್ರ ಕೇಳಿದರು. ಈ ಊರು ನನ್ನದು ಅಂತ ಮೊದಲು ಅನ್ನಿಸಿದ್ದು ಆ ದಿನವೇ.

ಪ್ರತಿ ಮೀನು ಸಿಕ್ಕ ಮೇಲೂ ದಾರದ ತುದಿಯನ್ನು ಬೆರಳಲ್ಲಿ ಸವರಿ ನೋಡು. ತರಿತರಿ ಅನ್ನಿಸಿದರೆ ಒಂದು ಮೊಳ ಕತ್ತರಿಸಿ ಮತ್ತೆ ಕಟ್ಟು. ಕತ್ತರಿಸಿದ್ದನ್ನು ಜೇಬಿಗೆ ಹಾಕಿಕೋ, ನೀರಿಗೆ ಬಿಡಬೇಡ. ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ರೀಲನ್ನು ಕಾರಿನಲ್ಲೂ ಬಿಡಬೇಡ, ಇಲ್ಲಿಯ ಬಿಸಿಲಿಗೆ ನೈಲಾನ್ ಬೇಗ ಹಾಳಾಗುತ್ತದೆ.

ರಾಡಿನ ವಿಷಯ ಇಷ್ಟು ಕಷ್ಟ ಇಲ್ಲ. ಹಿಡಿಯ ಮೇಲ್ಗಡೆ ಎಲ್ಲಾ ಬರೆದಿರುತ್ತಾರೆ. ಆರೂವರೆಯಿಂದ ಏಳು ಅಡಿ, ಮೀಡಿಯಮ್ ಪವರ್, ಫಾಸ್ಟ್ ಆಕ್ಷನ್ ಅಂತ ಇರುವುದನ್ನು ತಗೋ. ಪವರ್ ಅಂದರೆ ಬಗ್ಗಿಸಲು ಎಷ್ಟು ಬಲ ಬೇಕು ಅನ್ನೋದು. ಆಕ್ಷನ್ ಅಂದರೆ ಎಲ್ಲಿ ಬಗ್ಗುತ್ತದೆ ಅನ್ನೋದು. ಫಾಸ್ಟ್ ರಾಡಿನ ತುದಿ ಮಾತ್ರ ಬಗ್ಗುತ್ತದೆ. ಇಲ್ಲಿ ಟೆಕ್ಸಾಸ್ ರಿಗ್ ಅಂತ ಕಟ್ಟುತ್ತಾರೆ, ಗಾಳದ ಮೊನೆಯನ್ನು ಪ್ಲಾಸ್ಟಿಕ್ ಹುಳುವಿನೊಳಗೇ ಅಡಗಿಸಿ ಬೊಡ್ಡೆಗಳ ನಡುವೆ ಎಳೆಯುವುದು. ಮೊನೆ ಹುಳುವನ್ನು ಸೀಳಿ ಮೀನಿನ ಬಾಯಿಗೆ ಚುಚ್ಚಬೇಕಾದರೆ ಇಂಥ ರಾಡೇ ಬೇಕು.

ರೀಲು ಸ್ಪಿನ್ನಿಂಗ್ ಇರಲಿ, ಅಂದರೆ ಎಸೆಯುವಾಗ ಸ್ಪೂಲು ತಿರುಗದೆ ದಾರ ಮಾತ್ರ ಬಿಚ್ಚಿಕೊಳ್ಳುವಂಥದು, 2500 ಅಥವಾ 3000 ಸೈಜು. ಬೇರಿಂಗ್ ಎಷ್ಟಿದೆ ಅಂತ ಲೆಕ್ಕ ಹಾಕುತ್ತಾ ಕೂರಬೇಡ, ಡ್ರ್ಯಾಗ್ ನೋಡು, ಅಂದರೆ ಮೀನು ಎಳೆದಾಗ ದಾರವನ್ನು ತಡೆತಡೆದು ಬಿಡುವ ಬ್ರೇಕು. ದಾರ ಎಳೆದರೆ ಜರ್ಕ್ ಹೊಡೆಯದೆ ನಯವಾಗಿ ಬಿಚ್ಚಿಕೊಳ್ಳಬೇಕು. ಊರಲ್ಲಿ ಕಚ್ಚಿದ ಕೂಡಲೇ ಎತ್ತಿ ದಡಕ್ಕೆ ಒಗೆಯುತ್ತಿದ್ದೆವು. ಇಲ್ಲಿ ಮೀನು ಎಳೆದಷ್ಟು ದಾರ ಕೊಟ್ಟು ಸುಸ್ತು ಮಾಡಬೇಕು. 10 ಪೌಂಡಿನ ದಾರಕ್ಕೆ ಎರಡೂವರೆ ಮೂರು ಪೌಂಡ್ ಎಳೆತಕ್ಕೆ ಡ್ರ್ಯಾಗ್ ಬಿಚ್ಚುವ ಹಾಗೆ ತಿರುಗಿಸಿಡು. ಎಸೆದ ಮೇಲೆ ಬೇಲ್ ತಂತಿಯನ್ನು (ಎಸೆಯುವಾಗ ತೆರೆದು ದಾರ ಬಿಡುವ, ರೀಲಿನ ಬಾಗಿದ ತಂತಿ) ಕೈಯಲ್ಲೇ ಮುಚ್ಚು, ಆಗ ದಾರ ಮುರಿ ಬೀಳುವುದು ಕಡಿಮೆ.

ಆಫೀಸಿನವರು ಬೇಟ್‌ಕ್ಯಾಸ್ಟರ್, ಅಂದರೆ ಎಸೆಯುವಾಗ ಸ್ಪೂಲೇ ತಿರುಗುವ ರೀಲು, ತಗೋ ಅನ್ನುತ್ತಾರೆ. ಒಳ್ಳೆಯ ಸಾಮಾನೇ, ದಪ್ಪ ದಾರಕ್ಕೆ, ಭಾರದ ಗಾಳಕ್ಕೆ ಅದೇ ಸರಿ. ಆದರೆ ಎಸೆಯುವಾಗ ಸ್ಪೂಲನ್ನು ಹೆಬ್ಬೆರಳಲ್ಲಿ ತಡೆಯುವುದು ಬರದಿದ್ದರೆ ದಾರ ಗುಬ್ಬಿ ಗೂಡಿನ ಹಾಗೆ ಗೋಜಲಾಗುತ್ತದೆ. ಅದು ಎರಡನೇ ವರ್ಷಕ್ಕಿರಲಿ.

ಸಿಕ್ಕ ಬಾಸ್ ಅನ್ನು ಮನೆಗೆ ತರಬಹುದಾ ಅಂತ ಕೇಳಿದ್ದೀಯ. ಸಾಮಾನ್ಯವಾಗಿ 14 ಇಂಚು ಅಥವಾ ಅದಕ್ಕಿಂತ ಉದ್ದ ಇರುವುದನ್ನು ದಿನಕ್ಕೆ ಐದರವರೆಗೆ ತರಬಹುದು, ಕೆಲವು ಕೆರೆಗಳಲ್ಲಿ ನಿಯಮ ಬೇರೆ. ಲೇಕ್ ಫೋರ್ಕಿನಲ್ಲಿ 16ರಿಂದ 24 ಇಂಚಿನೊಳಗಿನದನ್ನು ಬಿಡಲೇಬೇಕು. ನಾನಂತೂ ಎಲ್ಲವನ್ನೂ ಬಿಡುತ್ತೇನೆ. ಒದ್ದೆ ಕೈಯಲ್ಲಿ ಹಿಡಿ, ದೊಡ್ಡದಾದರೆ ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಡು, ದವಡೆಯಿಂದ ನೇತಾಡಿಸಬೇಡ. ಸಾರಿಗೆ ಕ್ಯಾಟ್‌ಫಿಶ್ ಚೆನ್ನಾಗಿರುತ್ತದೆ, ಅದೂ ಅದೇ ಕೆರೆಯಲ್ಲಿ ಸಿಗುತ್ತದೆ.

ನಿನ್ನ ಮನೆ ಊರಿನ ಯಾವ ಕಡೆ ಅಂತ ಬರೆಯಲಿಲ್ಲ. ಜೋ ಪೂಲ್ ಹತ್ತಿರವಾದರೆ ಬರುವ ಶನಿವಾರ ಬೆಳಿಗ್ಗೆ ಆರೂವರೆಗೆ ಸೀಡರ್ ಹಿಲ್ ಗೇಟಿನ ಹತ್ತಿರ ಇರುತ್ತೇನೆ. ನನ್ನ ಹತ್ತಿರ ಇನ್ನೊಂದು ರಾಡು ಇದೆ. ತಿಂಡಿ ನಿನ್ನ ಅತ್ತಿಗೆ ಕಟ್ಟಿಕೊಡುತ್ತಾಳೆ, ಟೋಪಿ ಮಾತ್ರ ಮರೆಯಬೇಡ.