ಆ ಎರಡು ವರ್ಷ ಏನಾಯಿತು ಅಂತ ಕೇಳಬೇಕಿತ್ತು

ನಮಸ್ಕಾರ,

ನೀವು ಕಳಿಸಿದ ಮೂರೂ ಸಂದರ್ಶನಗಳನ್ನು ಓದಿದೆ. ಪಕ್ಕವಾದ್ಯದ ಹಿರಿಯ ವಯಲಿನ್ ವಾದಕರು, ತಾವೇ ಹಾಡು ಕಟ್ಟಿ ಹಾಡುವ ಯುವ ಗಾಯಕಿ, ಸ್ಟುಡಿಯೋಗಳಲ್ಲಿ ಬೇರೆಯವರ ಹಾಡಿಗೆ ನುಡಿಸುವ ಗಿಟಾರ್ ವಾದಕರು. ಆಯ್ಕೆ ಚೆನ್ನಾಗಿದೆ. ಆದರೆ ಈಗಿರುವ ರೂಪದಲ್ಲಿ ಇವನ್ನು ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮ ಹತ್ತಿರ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಈ ಗುಣ ಎಲ್ಲ ಬರಹಗಾರರಿಗೂ ಇರುವುದಿಲ್ಲ. ಅದು ವ್ಯರ್ಥವಾಗಬಾರದು.

ಗಿಟಾರ್ ವಾದಕರ ಸಂದರ್ಶನದ ನಡುವೆ ಒಂದು ಸಾಲಿದೆ. "ಮಧ್ಯೆ ಎರಡು ವರ್ಷ ನಾನು ಗಿಟಾರ್ ಮುಟ್ಟಲೇ ಇಲ್ಲ" ಅಂತ ಅವರು ಹೇಳುತ್ತಾರೆ. ತಕ್ಷಣ ನಿಮ್ಮ ಪ್ರಶ್ನೆ ಬರುತ್ತದೆ: "ಯುವ ಕಲಾವಿದರಿಗೆ ನಿಮ್ಮ ಸಂದೇಶವೇನು?" ಓದಿ ನನಗೆ ನಿಜಕ್ಕೂ ಸಂಕಟವಾಯಿತು. ನುಡಿಸುವುದೇ ಹೊಟ್ಟೆಪಾಡಾಗಿರುವ ಮನುಷ್ಯ ಎರಡು ವರ್ಷ ವಾದ್ಯ ಮುಟ್ಟಲಿಲ್ಲ ಅಂದರೆ ಏನೋ ದೊಡ್ಡದೇ ಆಗಿರಬೇಕು, ಅಲ್ವಾ? ಕೈನೋವು ಬಂತೇ? ಕೆಲಸ ನಿಂತಿತೇ? ತಾನು ನುಡಿಸಿದ್ದು ತನಗೇ ಹಿಡಿಸದೆ ಹೋಯಿತೇ? ಆಗ ಮನೆ ಹೇಗೆ ನಡೆಯಿತು? ಮತ್ತೆ ಗಿಟಾರ್ ಕೈಗೆತ್ತಿಕೊಂಡ ದಿನ ಬೆರಳುಗಳು ಮಾತು ಕೇಳಿದವೇ? ಆ ವಿಷಯವನ್ನು ಅವರಾಗಿಯೇ ಎತ್ತಿದ್ದರು. ನೀವು ನಿಮ್ಮ ಪ್ರಶ್ನೆಗಳ ಪಟ್ಟಿಗೆ ಮರಳಿದಿರಿ.

ಇಂಥ ಬಿಡುವುಗಳಲ್ಲಿ ಏನಿರುತ್ತದೆ ಅನ್ನುವುದಕ್ಕೆ ಸನ್ನಿ ರಾಲಿನ್ಸ್ ಅವರನ್ನು ನೆನಪಿಸಿಕೊಳ್ಳಿ. ಜಾಝ್ ಸ್ಯಾಕ್ಸೊಫೋನ್ ವಾದಕರು. 1959ರಲ್ಲಿ, ಹೆಸರು ಉತ್ತುಂಗದಲ್ಲಿದ್ದಾಗಲೇ, ಕಛೇರಿಗಳನ್ನು ನಿಲ್ಲಿಸಿದರು. ಜನ ಹೊಗಳುತ್ತಿದ್ದರು, ಅವರಿಗೆ ಮಾತ್ರ ತಮ್ಮ ನುಡಿಸಾಣಿಕೆ ಸಾಲದು ಅನ್ನಿಸಿತ್ತು. "ಎರಡು ವರ್ಷ ಬಿಡುವು ತೆಗೆದುಕೊಂಡರು" ಅಂತ ಬರೆದರೆ ತಪ್ಪಲ್ಲ, ಆದರೆ ಓದುಗರಿಗೆ ಏನೂ ಸಿಗಲಿಲ್ಲ. ಎಲ್ಲಿ ಅಭ್ಯಾಸ ಮಾಡುತ್ತಿದ್ದಿರಿ ಅಂತ ಕೇಳಿದರೆ ಕತೆ ಬೇರೆಯೇ ಆಗುತ್ತದೆ. ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ! ಮನೆಯಲ್ಲಿ ನುಡಿಸಿದರೆ ಅಕ್ಕಪಕ್ಕದವರಿಗೆ ತೊಂದರೆ. ಹತ್ತಿರದ ಮನೆಯಲ್ಲಿ ಒಬ್ಬ ಬಸುರಿ ಹೆಂಗಸಿದ್ದರು. ಹಾಗಾಗಿ ಸೇತುವೆಗೆ ಹೋಗಿ, ರೈಲು, ಗಾಳಿ, ವಾಹನಗಳ ಸದ್ದಿನ ನಡುವೆ ಗಂಟೆಗಟ್ಟಲೆ ಊದುತ್ತಿದ್ದರು. 1961ರಲ್ಲಿ ಮತ್ತೆ ವೇದಿಕೆ ಹತ್ತಿದರು. ಮರುವರ್ಷ ಬಂದ ಆಲ್ಬಮ್‌ಗೆ ಸೇತುವೆಯದೇ ಹೆಸರು. ಒಬ್ಬ ಕಲಾವಿದನ ಹಟ, ಅತೃಪ್ತಿ, ನೆರೆಯವರ ಮೇಲಿನ ಕಾಳಜಿ ಎಲ್ಲವೂ "ಎಲ್ಲಿ" ಅನ್ನುವ ಒಂದು ಪ್ರಶ್ನೆಯಿಂದ ಹೊರಬರುತ್ತವೆ.

ನಿಮ್ಮ ಪ್ರಶ್ನೆಗಳು ಹಾಗಿಲ್ಲ. "ನಿಮಗೆ ಸ್ಫೂರ್ತಿ ಯಾರು?", "ಸಂಗೀತ ಎಂದರೆ ನಿಮಗೇನು?" ಇವನ್ನು ಮೂವರಿಗೂ ಕೇಳಿದ್ದೀರಿ. ಮೂವರ ಉತ್ತರವನ್ನೂ ಅದಲುಬದಲು ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದು ಅವರ ತಪ್ಪಲ್ಲ. ಇಂಥ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಅವರಿಗೆ ಬಾಯಿಪಾಠವಾಗಿರುತ್ತದೆ. ಬದಲಿಗೆ ಕೆಲಸದ ಬಗ್ಗೆ ಕೇಳಿ. ಬೆಳಿಗ್ಗೆ ಎದ್ದು ಮೊದಲು ಏನು ನುಡಿಸುತ್ತೀರಿ? ಅರ್ಧಕ್ಕೆ ಬಿಟ್ಟ ಹಾಡು ಯಾವುದು, ಯಾಕೆ ಬಿಟ್ಟಿರಿ? ಉತ್ತರ ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ನೆ ಇರಿ. ಎಷ್ಟೋ ಸಲ ಅಸಲು ಮಾತು ಆಮೇಲೆ ಬರುತ್ತದೆ.

ದುಡ್ಡಿನ ವಿಷಯಕ್ಕೆ ನೀವು ಕೈಯೇ ಹಾಕಿಲ್ಲ. ಸಂಕೋಚ ಇರಬಹುದು. ಆದರೆ ವೃತ್ತಿಜೀವನದ ಬಗ್ಗೆ ಬರೆಯುತ್ತೇನೆ ಅಂದವರು ಇದನ್ನು ಬಿಡುವಂತಿಲ್ಲ. ಹಾಡೊಂದರಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ಸಂಯೋಜನೆಯದು ಒಂದು, ರೆಕಾರ್ಡಿಂಗ್‌ನದು ಇನ್ನೊಂದು. ನಿಮ್ಮ ಗಾಯಕಿ ಹಾಡು ಬರೆದವರೂ ಹೌದು, ಹಾಡಿದವರೂ ಹೌದು. ಹಾಗಿದ್ದರೆ ಆ ರೆಕಾರ್ಡಿಂಗ್ ಈಗ ಯಾರ ಹೆಸರಲ್ಲಿದೆ? ಒಪ್ಪಂದಕ್ಕೆ ಸಹಿ ಹಾಕುವಾಗ ಅವರಿಗೆ ಇದೆಲ್ಲ ಗೊತ್ತಿತ್ತೇ? ಗಿಟಾರ್ ವಾದಕರ ಪರಿಸ್ಥಿತಿ ಇದಕ್ಕೆ ಪೂರಾ ಉಲ್ಟಾ. ಸ್ಟುಡಿಯೋದಲ್ಲಿ ನುಡಿಸುವವರಿಗೆ ಸಾಮಾನ್ಯವಾಗಿ ಆ ಕೆಲಸಕ್ಕೆ ಇಷ್ಟು ಅಂತ ಕೊಟ್ಟು ಲೆಕ್ಕ ಮುಗಿಸುತ್ತಾರೆ. ಹಾಡು ಆಮೇಲೆ ಎಷ್ಟೇ ಓಡಲಿ, ಎಷ್ಟೋ ಕಡೆ ಅವರಿಗೆ ಪಾಲು ಬರುವುದಿಲ್ಲ. ತಾವು ನುಡಿಸಿದ ಹಾಡು ಎಲ್ಲೆಲ್ಲೂ ಕೇಳಿಬಂದಾಗ ಅವರಿಗೆ ಹೇಗನ್ನಿಸುತ್ತದೆ? ನನಗೆ ಇದನ್ನು ಓದಬೇಕು. ಸಂಭಾವನೆಯ ಮೊತ್ತ ಹೇಳಲು ಅವರಿಗೆ ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ, ಅದು ಹೇಗೆ ಬರುತ್ತದೆ ಅಂತ ತಿಳಿದರೆ ಸಾಕು.

ಮೈಯ ಬಗ್ಗೆಯೂ ಕೇಳಿ. ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಅವರ ಬಲಗೈ ಬೆರಳುಗಳು 1960ರ ದಶಕದ ನಡುವೆ ತಾವಾಗಿಯೇ ಮಡಚಿಕೊಳ್ಳತೊಡಗಿದವು. ಅದು ಫೋಕಲ್ ಡಿಸ್ಟೋನಿಯಾ ಅನ್ನುವ ನರಸಂಬಂಧಿ ತೊಂದರೆ. ಅವರು ಎಡಗೈಗಾಗಿಯೇ ಬರೆದ ಕೃತಿಗಳನ್ನು ನುಡಿಸಿದರು, ಆರ್ಕೆಸ್ಟ್ರಾ ನಡೆಸಿದರು, ಪಾಠ ಹೇಳಿದರು. ಎರಡೂ ಕೈಯಲ್ಲಿ ಮತ್ತೆ ನುಡಿಸಲು ಸುಮಾರು 30 ವರ್ಷ ಹಿಡಿಯಿತು. ಎಷ್ಟೋ ಕಲಾವಿದರು ಕೆಲಸ ತಪ್ಪೀತು ಅನ್ನುವ ಭಯದಿಂದ ನೋವನ್ನು ಮುಚ್ಚಿಡುತ್ತಾರೆ. ಹಾಗಾಗಿ ಮೆತ್ತಗೆ ಕೇಳಿ. ಬರೆಯಬೇಡಿ ಅಂದರೆ ಬರೆಯಬೇಡಿ.

ಇನ್ನು ಭಾಷೆ. ನಿಮ್ಮ ವಯಲಿನ್ ವಾದಕರು "ನಾದೋಪಾಸನೆಯೇ ನನ್ನ ಜೀವನದ ಪರಮ ಧ್ಯೇಯ" ಅನ್ನುತ್ತಾರೆ. ಇದು ಅವರ ಮಾತೋ, ನಿಮ್ಮದೋ? ಯಾಕೆಂದರೆ ಎರಡು ಪುಟದ ನಂತರ ಅದೇ ಮನುಷ್ಯ ಹೀಗೆ ಹೇಳುತ್ತಾರೆ: "ದೀಪದ ಬಿಸಿಗೆ ತಂತಿ ಶ್ರುತಿ ಇಳಿಯುತ್ತೆ. ಹಾಡೋರನ್ನ ನಿಲ್ಲಿಸೋಕಾಗಲ್ಲ. ಬೆರಳನ್ನೇ ಒಂಚೂರು ಸರಿಸಿಕೊಂಡು ನುಡಿಸ್ತಾ ಇರ್ತೀನಿ." ಮೂರೂ ಸಂದರ್ಶನಗಳಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇನ್ನೊಬ್ಬರ ಹಾಡನ್ನು ಕಾಯುತ್ತಾ ಬದುಕಿದವರ ಇಡೀ ಬಾಳು ಇದರಲ್ಲಿ ಕಾಣುತ್ತದೆ. ಇದರಿಂದಲೇ ಲೇಖನ ಶುರು ಮಾಡಿ. ಪ್ರಶಸ್ತಿಗಳ ಪಟ್ಟಿ ಇರುವ ಮೊದಲ ಪ್ಯಾರಾ ತೆಗೆದುಬಿಡಿ. ಮಾತುಗಳನ್ನು ಕತ್ತರಿಸಬಹುದು, ಹಿಂದೆಮುಂದೆ ಮಾಡಬಹುದು. ಆದರೆ ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕಬೇಡಿ.

ಗಾಯಕಿಯ ಸಂದರ್ಶನ ಸದ್ಯಕ್ಕೆ ಪಕ್ಕಕ್ಕಿರಲಿ. ನೀವು ಅವರ ಹಾಡುಗಳನ್ನೇ ಪೂರ್ತಿ ಕೇಳಿದ ಹಾಗಿಲ್ಲ. ಒಂದು ಹಾಡಿನ ಬಗ್ಗೆಯೂ ನಿರ್ದಿಷ್ಟವಾದ ಪ್ರಶ್ನೆಯಿಲ್ಲ. ಮೊದಲು ಗಿಟಾರ್ ವಾದಕರಿಗೆ ಫೋನ್ ಮಾಡಿ. ಆ ಎರಡು ವರ್ಷದ ಬಗ್ಗೆ ಮಾತಾಡಲು ಇಷ್ಟವಿದೆಯೇ ಅಂತ ಕೇಳಿ. ಒಪ್ಪಿದರೆ ಹೋಗಿ ಕೂತು ಮಾತಾಡಿ, ತಿದ್ದಿದ ಪ್ರತಿ ಕಳಿಸಿ. ಜೊತೆಗೆ ರೆಕಾರ್ಡ್ ಮಾಡಿದ ಮಾತುಕತೆಯನ್ನು ಇದ್ದ ಹಾಗೆಯೇ ಬರೆದು ಲಗತ್ತಿಸಿ. ನೀವು ಏನನ್ನು ಬಿಟ್ಟಿದ್ದೀರಿ ಅಂತಲೂ ನಾನು ನೋಡಬೇಕು.