ಆಟದ ಹಿಟ್ಟು ಮರುದಿನಕ್ಕೇ ಅಂಟಂಟಾದರೆ

ಬಹುಶಃ ಬೇಯಿಸದೆ ಬರೀ ತಣ್ಣೀರಲ್ಲಿ ಕಲಸಿದ್ದೀರಿ, ಅದಕ್ಕೇ ಮಕ್ಕಳ ಆಟದ ಹಿಟ್ಟು ಮರುದಿನ ಕೈಗೆ ಮೆತ್ತುತ್ತಿದೆ. ಹಸಿ ಹಿಟ್ಟು ನೀರನ್ನು ಸರಿಯಾಗಿ ಹಿಡಿದಿಡುವುದಿಲ್ಲ.

ಈ ಸಲ ಬೇಯಿಸಿ ಮಾಡಿ. ಬೇಕಾದದ್ದು: 1 ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, 1 ಲೋಟ ನೀರು, 1 ದೊಡ್ಡ ಚಮಚ ಎಣ್ಣೆ, 2 ದೊಡ್ಡ ಚಮಚ ನಿಂಬೆರಸ. ಎಲ್ಲವನ್ನೂ ಗಂಟಿಲ್ಲದಂತೆ ಕಲಕಿದ ಮೇಲೆಯೇ ಒಲೆ ಹಚ್ಚಿ. ಸಣ್ಣ ಉರಿಯಲ್ಲಿ ತಿರುವುತ್ತಾ ಇದ್ದರೆ ಮೊದಲು ಗಂಜಿಯಾಗುತ್ತದೆ, ಆಮೇಲೆ ತಳ ಬಿಟ್ಟು ಮುದ್ದೆಯಾಗುತ್ತದೆ. ಹೊಳಪು ಹೋಗಿ, ಚಿವುಟಿದರೆ ಬೆರಳಿಗೆ ಅಂಟದಿದ್ದಾಗ ಇಳಿಸಿ. ಹೆಚ್ಚಿನವರು ಇಲ್ಲೇ ಅವಸರಪಡುವುದು.

ಉಗುರುಬೆಚ್ಚಗಾದಾಗ ನಾದಿ, ಪೂರ್ತಿ ಆರಿಸಿಯೇ ಡಬ್ಬಿಗೆ ಹಾಕಿ; ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದ ಹನಿ ಬಿದ್ದು ಮತ್ತೆ ಅಂಟು. ಈಗಿರುವ ಹಿಟ್ಟನ್ನೂ ಎಸೆಯಬೇಡಿ, ಬಾಣಲೆಯಲ್ಲಿ ಬಾಡಿಸಿ ನೋಡಿ, ಸರಿಹೋದರೂ ಹೋಗಬಹುದು. ಉಪ್ಪು ಜಾಸ್ತಿ ಇರುವುದರಿಂದ ಬಾಯಿಗಿಡುವ ಕೂಸಿಗೆ, ನಾಯಿಗೆ ಸಿಗದಿರಲಿ.